ಕರಿನೆರಳಿನ ತಿದ್ದುಪಡಿ

ಕತೆಗಾರ ವಾಮನಮೂರ್ತಿ ಬರೆದದ್ದನ್ನೆಲ್ಲ ಮೊದಲು ಓದುವವಳು ಹೆಂಡತಿ.

"'ಬಾಗಿಲಲ್ಲಿ ಕಾಲದ ಕರಿನೆರಳು ಬಂದು ನಿಂತಿತು.' ಏನ್ರೀ ಇದು? ನೆರಳು ಅಂದ್ರೆ ಯಾರು? ಒಂದೂ ಅರ್ಥ ಆಗ್ಲಿಲ್ಲ."

ವಿಮರ್ಶಕರು ತಲೆದೂಗಬೇಕಾದ ಸಾಲು ಮಣ್ಣುಪಾಲಾಯಿತೆಂದು ಗೊಣಗುತ್ತ, ಆತ ನೆರಳನ್ನು ಹೊಡೆದುಹಾಕಿ 'ಒಬ್ಬ ಮುದುಕಿ' ಎಂದು ತಿದ್ದಿದ.

"ಎಂಥಾ ಮುದುಕಿ? ಕಣ್ಣಿಗೆ ಕಟ್ಟೋ ಹಾಗೆ ಬರೀರಿ."

ಆತನಿಗೆ ಹುರುಪೇರಿತು. ಕತೆಯ ಮುದುಕಿ ನಶ್ಯ ಏರಿಸಿದಳು, ಸಾರು ಸಪ್ಪೆಯೆಂದು ಮೂತಿ ತಿರುವಿದಳು, ವಾರವಿರಲು ಬಂದವಳು ಮಳೆಗಾಲ ಮುಗಿದರೂ ಹೊರಡಲಿಲ್ಲ.

ಹೆಂಡತಿ ಓದಿ, ಹಾಳೆಗಳನ್ನು ನಿಧಾನವಾಗಿ ಮಡಿಸಿದಳು. "ಈಗ ಸ್ಪಷ್ಟವಾಯ್ತು."

"ಹೌದಾ! ಇನ್ನೇನಾದ್ರೂ ತಿದ್ದಬೇಕಾ?"

ಆಕೆ ಅಡುಗೆಮನೆಯತ್ತ ತಿರುಗಿ ಕೂಗಿದಳು: "ಅಮ್ಮಾ, ಆ ನಶ್ಯದ ಡಬ್ಬಿ ಇಟ್ಟು ಸ್ವಲ್ಪ ಇಲ್ಲಿ ಬಾ. ನಿನ್ನಳಿಯ ಕತೆ ಓದ್ತಾರಂತೆ."