ಮೂರನೆಯ ಎರಕ

ಸರಪಳಿಗೆ ತೂಗುಹಾಕಿದ್ದ, ಕಾರಿನ ಎಂಜಿನ್ನಿನ ಹೊಸ ಸಿಲಿಂಡರ್ ಹೆಡ್ಡನ್ನು ಎರಕದವನು ಸುತ್ತಿಗೆಯಿಂದ ತಟ್ಟಿದ. ಎರಕ ಚೊಕ್ಕವಾಗಿದ್ದರೆ ಗಂಟೆಯಂತೆ ಖಣಖಣಿಸಬೇಕು. ಒಳಗೆ ಬಿರುಕಿದ್ದರೆ ದನಿ ಮಂಕು. ಇದೂ ಮಂಕೇ! ಹಳೆಯ ಸ್ಪೋರ್ಟ್ಸ್ ಕಾರೊಂದರ ಈ ಭಾಗ ಎಲ್ಲೂ ಸಿಗದೆ ಅದರ ಮಾಲೀಕ ಇವನನ್ನೇ ನಂಬಿ ಬಂದಿದ್ದ. ಇದೇ ಮಂಕು ದನಿಗೆ ಇವನು ಆಗಲೇ ಎರಡು ಹೆಡ್ಡುಗಳನ್ನು ಒಡೆದು ಮೂಲೆಗೆ ಎಸೆದಿದ್ದ.

ಹಲ್ಲು ಕಚ್ಚಿ ಇನ್ನೊಮ್ಮೆ ಬಲವಾಗಿ ಬಾರಿಸಿದ. ಮತ್ತೆ ಅದೇ. ಒಡೆಯಲೆಂದು ದೊಡ್ಡ ಸುತ್ತಿಗೆ ಎತ್ತಿದಾಗ, ಊಟ ತಂದಿದ್ದ ಹೆಂಡತಿ ಡಬ್ಬಿ ಕೆಳಗಿಟ್ಟು, ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನಾಯ್ತೇ?"

"ಅಯ್ಯಪ್ಪಾ, ಇನ್ನೂ ಗಂಟೆ ಹಾಗೆ ಗುಂಯ್ ಅಂತಾನೇ ಇದೆಯಲ್ಲ ರೀ!"

ಅವನು ಹೆಡ್ಡಿನ ಮೇಲೆ ಅಂಗೈ ಇಟ್ಟ. ಕಬ್ಬಿಣ ಸಣ್ಣಗೆ ನಡುಗುತ್ತಿತ್ತು; ಅವನ ಕಿವಿಗೆ ಮಾತ್ರ ಆ ನಾದ ಕೇಳುತ್ತಿರಲಿಲ್ಲ. ಮೂಲೆಯ ಚೂರುಗಳತ್ತ ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ.