ಮೇಜು ಗುದ್ದುವ ಜಾಗ

ಭಯೋತ್ಪಾದನೆ ತಡೆ ಕಾಯ್ದೆಗೆ ತಿದ್ದುಪಡಿ ಬಂದಿತ್ತು: ಅನುಮಾನ ಬಂದವರನ್ನು ಆರು ತಿಂಗಳು ಜಾಮೀನಿಲ್ಲದೆ ಒಳಗಿಡಬಹುದು. ಸದನ ಸಮಿತಿಯಲ್ಲಿ ಅದರ ಪರ ಭಾಷಣ ಆಳುವ ಮೈತ್ರಿಯ ಶಿವಪುತ್ರಪ್ಪನವರದು. ಕನ್ನಡಿ ಮುಂದೆ ಓದಿ ಓದಿ ಅವರಿಗೆ ತಮ್ಮ ಮೇಲೆ ತಮಗೇ ಪ್ರೀತಿ ಉಕ್ಕಿಬಿಟ್ಟಿತ್ತು.

“ದೇಶಕ್ಕಿಂತ ಜಾಮೀನು ದೊಡ್ಡದೇನ್ರಿ?” ಎಂದು ಮೇಜು ಗುದ್ದಿದರು.

“ತಪ್ಪು ಮಾಡದವ ಸಿಕ್ಕಿಬಿದ್ರ, ಅವನ ಹೆಂಡ್ತಿ ಮಕ್ಕಳಿಗೆ ಏನ್ ಹೇಳ್ತೀರಿ?” ಎದುರು ಕೂತಿದ್ದ ವಿರೋಧ ಪಕ್ಷದ ಅಡಿವೆಪ್ಪನವರೂ ಗುದ್ದಿದರು. ನೀರಿನ ಲೋಟಗಳು ಕುಣಿದವು. ಅಧ್ಯಕ್ಷರು ಗೋಡಂಬಿ ತಟ್ಟೆಯನ್ನು ಮಡಿಲಿಗೆ ಎತ್ತಿಕೊಂಡರು.

“ನಿಮಗ ಕರುಳಿಲ್ಲ.”

“ನಿಮಗ ದೇಶದ ಚಿಂತಿ ಇಲ್ಲ.”

ಅಷ್ಟರಲ್ಲಿ ಇಬ್ಬರ ಫೋನುಗಳೂ ಒಟ್ಟಿಗೇ ಗುಂಯ್‌ಗುಟ್ಟಿದವು. ಶಿವಪುತ್ರಪ್ಪನವರ ಪಕ್ಷ ಮೈತ್ರಿ ಮುರಿದು ಸರ್ಕಾರದಿಂದ ಹೊರಬಿದ್ದಿತ್ತು; ಆ ಜಾಗಕ್ಕೆ ಅಡಿವೆಪ್ಪನವರ ಪಕ್ಷ ಬಂದು ಕೂತಿತ್ತು.

“ಮುಂದುವರಿಸ್ರಿ,” ಎಂದರು ಅಧ್ಯಕ್ಷರು, ಗೋಡಂಬಿ ಜಗಿಯುತ್ತ.

ಇಬ್ಬರೂ ಎದ್ದು ಕುರ್ಚಿ ಬದಲಿಸಿದರು. ಭಾಷಣದ ಹಾಳೆಗಳು ಮಾತ್ರ ಇದ್ದಲ್ಲೇ ಇದ್ದವು. ಶಿವಪುತ್ರಪ್ಪನವರು ಮುಂದಿದ್ದ ಹಾಳೆಯ ಮೇಲೆ ಕಣ್ಣಾಡಿಸಿ, ಮೇಜಿನ ಮೇಲೆ ಬಾಗಿ ಮೆಲ್ಲಗೆ ಕೇಳಿದರು:

“ಅಣ್ಣಾರ, ಹೆಂಡ್ತಿ ಮಕ್ಕಳು ಅನ್ನೋ ಕಡೆ ಎಷ್ಟು ಗುದ್ದು ಹಾಕ್ತಿದ್ರಿ?”