ಬರಿಹಣೆಯ ಫೋಟೋ

"ಹಣೆ ಮೇಲಿನ ಕುಂಕುಮ ಒರೆಸ್ಕೊಳ್ಳಿ ಅಕ್ಕಾ, ಫೋಟೋದಲ್ಲಿ ವಿಧವೆ ಅಂತ ಗೊತ್ತಾಗ್ಬೇಕು," ಎಂದಳು ಕೊಲಂಬೋದಿಂದ ಬಂದಿದ್ದ ಸಹಾಯ ಸಂಸ್ಥೆಯ ಶಾಮಿನಿ.

ಉತ್ತರ ಶ್ರೀಲಂಕಾದ ಮುಲ್ಲೈತೀವಿನ ಆ ಚಪ್ಪರದಡಿ ತಾಳೆಗರಿಯ ಬುಟ್ಟಿ ಹೆಣೆಯುತ್ತಿದ್ದ ಹೆಂಗಸರ ಕೈಗಳು ನಿಂತವು. ಎಲ್ಲರ ಗಂಡಂದಿರೂ ಯುದ್ಧದಲ್ಲಿ ಸತ್ತವರೇ. ಯೋಗಮಲರ್ ಮಾತ್ರ ತಲೆಯೆತ್ತದೆ ಹೆಣೆಯುತ್ತಲೇ ಇದ್ದಳು. ಗಂಡ ಸತ್ತಾಗ ನೆಂಟರು ಅವಳ ಕುಂಕುಮ ಅಳಿಸಿದ್ದರು. ಮೊದಲ ಬುಟ್ಟಿ ಮಾರಿದ ದಿನ ಅವಳೇ ಮತ್ತೆ ಇಟ್ಟುಕೊಂಡಿದ್ದಳು.

ಶಾಮಿನಿ ಅವಳೆದುರು ಕೂತು ಒದ್ದೆ ಕರವಸ್ತ್ರ ಚಾಚಿದಳು. "ಹೀಗೆ ಬೊಟ್ಟಿಟ್ಕೊಂಡು ಕೂತ್ರೆ ವಿದೇಶದೋರಿಗೆ ಕನಿಕರ ಹುಟ್ಟಲ್ಲ ಅಕ್ಕಾ. ಇಡೀ ಆರ್ಡರೇ ಹೋಗುತ್ತೆ. ಇವರೆಲ್ಲರ ಹೊಟ್ಟೆಪಾಡು ಯೋಚ್ನೆ ಮಾಡಿ."

ಯೋಗಮಲರ್ ಕರವಸ್ತ್ರ ತೆಗೆದುಕೊಂಡಳು. ಅದರಲ್ಲಿ ಕೈಗಂಟಿದ್ದ ಗರಿಯ ಬಣ್ಣವನ್ನು ನಿಧಾನವಾಗಿ ಒರೆಸಿ, ಮುದುರಿ, ಶಾಮಿನಿಯ ಮಡಿಲಿಗೆ ಎಸೆದಳು. "ಬುಟ್ಟಿ ನೋಡಿ ಕೊಳ್ಳೋರಿದ್ರೆ ಕರ್ಕೊಂಡ್ಬಾ ತಂಗಿ. ನನ್ನ ಗಂಡನ ಹೆಣ ನೋಡಿ ಕೊಳ್ಳೋರಿಗೆ ನಾನು ಹೆಣೆಯಲ್ಲ."

ಶಾಮಿನಿ ಉಳಿದವರತ್ತ ತಿರುಗಿದಳು. "ನೀವಾದ್ರೂ ಬನ್ನಿ ಅಜ್ಜಿ," ಎಂದು ಪೂಮಣಿಯನ್ನು ಕರೆದಳು. ಮುದುಕಿಯದು ಎಷ್ಟೋ ವರ್ಷಗಳ ಬರಿಹಣೆ. ಫೋಟೋಗೆ ಹೇಳಿ ಮಾಡಿಸಿದ ಹಾಗಿತ್ತು.

ಪೂಮಣಿ ಮೊಣಕಾಲು ಹಿಡಿದು ಎದ್ದಳು. ಕ್ಯಾಮೆರಾವನ್ನು ದಾಟಿ ಬಂದು ಯೋಗಮಲರ್ ಮುಂದೆ ಕುಳಿತು, ಹಣೆ ಒಡ್ಡಿದಳು.

"ನನಗೂ ಇಡೇ," ಎಂದಳು. "ದೊಡ್ಡದಾಗಿ ಇಡು. ಇವಳಿಗೆ ಕಾಣ್ಬೇಕು."